ಒಣಗಿದ ಗುಲ್‌ಮೊಹರ್‌ಗೆ ಆಳು ಹತ್ತಿಸುವ ಮುನ್ನ

ಮೇ ಕೊನೆ ಬಂತೆಂದರೆ ಮುಂಬೈ ಸೊಸೈಟಿಗಳಲ್ಲಿ ಮರ ಸವರಿಸುವ ಅವಸರ. ಕಮಿಟಿಯಲ್ಲಿರುವ ಕನ್ನಡದವರೇ, ಹತ್ತಬೇಕೋ ಬೇಡವೋ ಅನ್ನುವುದು ನೆಲದ ಮೇಲೇ ತೀರ್ಮಾನವಾಗಲಿ.

ಮೊದಲು ಬುಡ ನೋಡಿ. ಪೇವರ್ ಹಾಕುವಾಗ, ಗಟಾರ ತೋಡುವಾಗ ಬೇರು ಕಡಿದಿದ್ದರೆ ಎಲೆ ಹಸಿರಾಗಿದ್ದರೂ ಹಿಡಿತ ಹೋಗಿರುತ್ತದೆ. ಒಂದು ಬದಿಯ ಮಣ್ಣು ಉಬ್ಬಿ ಬಿರಿದಿದ್ದರೆ, ಬುಡದಲ್ಲಿ ತಟ್ಟೆಯಂಥ ಗಟ್ಟಿ ಅಣಬೆ ಎದ್ದಿದ್ದರೆ ಯಾರನ್ನೂ ಹತ್ತಿಸಬೇಡಿ. ಕೊಡತಿಯಿಂದ ಬೊಡ್ಡೆಯ ಸುತ್ತ ತಟ್ಟಿ. ಪೊಳ್ಳಿದ್ದ ಕಡೆ ಸದ್ದು ಡಬ್ ಎಂದು ಬದಲಾಗುತ್ತದೆ. ಗುಲ್‌ಮೊಹರ್ ಮೊದಲೇ ಮೆದು ಮರ. ಒಣಗಿದ ಕೊಂಬೆ ಬಾಗಿ ಸುಳಿವು ಕೊಡುವುದಿಲ್ಲ, ಲಟಕ್ಕನೆ ಮುರಿಯುತ್ತದೆ. ಅಂಥ ಮರಕ್ಕೆ ಆಳು ನಿಲ್ಲುವ ಬಕೆಟ್ ಇರುವ ಕ್ರೇನೇ ಸರಿ, ಬಾಡಿಗೆ ಎಷ್ಟೇ ಆಗಲಿ.

1975ರ ಮಹಾರಾಷ್ಟ್ರದ ಮರ ಸಂರಕ್ಷಣಾ ಕಾಯ್ದೆಯಂತೆ ಅನುಮತಿ ಬೇಕು. ವಾರ್ಡ್ ಆಫೀಸಿನ ಉದ್ಯಾನ ವಿಭಾಗಕ್ಕೆ ಅರ್ಜಿ ಕೊಡಿ. ವಿದ್ಯುತ್ ತಂತಿ 3 ಮೀಟರಿನೊಳಗಿದ್ದರೆ ಕಂಪನಿಯವರು ಬಂದು ಲೈನ್ ಬಂದ್ ಮಾಡುವವರೆಗೆ ಕೆಲಸ ಬೇಡ. ಹಸಿ ಕೊಂಬೆಯಲ್ಲೂ ಕರೆಂಟ್ ಹರಿಯುತ್ತದೆ.

ಹತ್ತಬಹುದಾದ ಮರವೇ ಆದರೂ ಗರಗಸ ಹಿಡಿದವನಿಗೆ ಎರಡು ಕಟ್ಟು ಇರಲೇಬೇಕು: ಮೇಲಿನ ಗಟ್ಟಿ ಕವಲಿನಿಂದ ಬಂದ ಮುಖ್ಯ ಹಗ್ಗ, ಜೊತೆಗೆ ಕಾಂಡ ಬಳಸಿದ ಸೊಂಟದ ಹಗ್ಗ. ಒಂದಕ್ಕೆ ಗರಗಸ ತಗುಲಿದರೆ ಇನ್ನೊಂದು ಹಿಡಿಯುತ್ತದೆ. ಮುಖ್ಯ ಹಗ್ಗ ಹಾಕುವ ಕವಲು ಜೀವಂತವಾಗಿರಲಿ, ಕನಿಷ್ಠ 10 ಸೆಂ.ಮೀ. ದಪ್ಪವಿರಲಿ. ಸೊಂಟದ ಹಗ್ಗದೊಳಗೆ ಉಕ್ಕಿನ ತಂತಿಯಿದ್ದರೆ ಗರಗಸಕ್ಕೆ ಬೇಗ ಬಗ್ಗದು, ಆದರೆ ಲೈನ್ ಹತ್ತಿರ ಅದೇ ಕರೆಂಟ್ ಎಳೆಯುತ್ತದೆ.

ಭಾರದ ಕೊಂಬೆಗೆ ಮೂರು ಕೊಯ್ತ. ಮೊದಲು ಕಾಂಡದಿಂದ 30 ಸೆಂ.ಮೀ. ದೂರದಲ್ಲಿ, ಕೆಳಗಿನಿಂದ ಕಾಲು ಭಾಗ. ಆಮೇಲೆ ಅದಕ್ಕಿಂತ ಮೂರ್ನಾಲ್ಕು ಸೆಂ.ಮೀ. ಹೊರಗೆ, ಮೇಲಿನಿಂದ. ಕೊಂಬೆ ಬಿದ್ದ ಮೇಲೆ ಉಳಿದ ಮೋಟನ್ನು, ಅದು ಕಾಂಡಕ್ಕೆ ಸೇರುವಲ್ಲಿ ಉಬ್ಬಿದ ಬಳೆಯ ಹೊರಗೆ ಕೊಯ್ಯಿರಿ. ಬಳೆ ಉಳಿದರೆ ಗಾಯ ಮುಚ್ಚುತ್ತದೆ. ಕೆಳಗಿನ ಕೊಯ್ತ ಬಿಟ್ಟರೆ ಅರ್ಧಕ್ಕೇ ಕೊಂಬೆ ಕುಸಿದು ತೊಗಟೆ ಕಾಂಡದುದ್ದಕ್ಕೂ ಸಿಗಿದು ಬರುತ್ತದೆ. ಅಲ್ಲೇ ಆಳಿನ ಸೊಂಟದ ಹಗ್ಗ ಇರುವುದು.

ಇಷ್ಟಾದರೂ ಹೆಚ್ಚಿನವರು ಮರೆಯುವುದು ಕೆಳಗಿಳಿಸುವ ಏರ್ಪಾಡು. ಹತ್ತಿದವನು ಪ್ರಜ್ಞೆ ತಪ್ಪಿ ಹಾರ್ನೆಸ್‌ನಲ್ಲಿ (ಹಗ್ಗ ಸಿಕ್ಕಿಸಲು ಸೊಂಟ, ತೊಡೆಗೆ ಬಿಗಿಯುವ ಪಟ್ಟಿ) ನೇತಾಡಿದರೆ ಕಾಲಲ್ಲಿ ರಕ್ತ ನಿಂತು ನಿಮಿಷಗಳಲ್ಲೇ ಜೀವಕ್ಕೆ ಕುತ್ತು. ಅಗ್ನಿಶಾಮಕದವರು ಟ್ರಾಫಿಕ್ ದಾಟಿ ಬರುವಷ್ಟು ಹೊತ್ತಿರುವುದಿಲ್ಲ. ಹಾಗಾಗಿ ಹತ್ತಬಲ್ಲ ಇನ್ನೊಬ್ಬರು, ಇನ್ನೊಂದು ಜೊತೆ ಹಾರ್ನೆಸ್ ಮತ್ತು ಹಗ್ಗ ಕೆಲಸ ಮುಗಿಯುವವರೆಗೂ ಮರದ ಕೆಳಗೇ ಇರಲಿ, ಕೊಂಬೆ ಬೀಳುವ ಜಾಗದಿಂದ ಆಚೆ.