"ಎಲ್ರೂ ಒಂದೇ ಪುಟ್ಟಾ" ಅಂದ್ಬಿಟ್ರೆ ಮುಗೀತಾ?

ಮಕ್ಕಳು ಜಾತಿ ಬಗ್ಗೆನೋ ಬಣ್ಣದ ಬಗ್ಗೆನೋ ಏನಾದ್ರೂ ಕೇಳಿದ ತಕ್ಷಣ ನಮ್ಮ ಬಾಯಿಂದ ಬರೋ ಒಂದು ರೆಡಿಮೇಡ್ ಉತ್ತರ ಇದೆಯಲ್ಲ, "ಹಾಗೆಲ್ಲ ಕೇಳ್ಬಾರ್ದು, ಎಲ್ರೂ ಒಂದೇ ಪುಟ್ಟಾ" ಅಂತ, ನಂಗೆ ಅದನ್ನ ಕಂಡ್ರೆ ಆಗಲ್ಲ. ಕೇಳೋಕೇನೋ ಚೆನ್ನಾಗಿದೆ, ಹೇಳಿದವ್ರಿಗೂ ದೊಡ್ಡ ಸಮಾಧಾನ, ಆದ್ರೆ ಆರು ವರ್ಷದ ಮಗುಗೆ ಅದು ಹಸಿ ಸುಳ್ಳು ಅಂತ ಅಷ್ಟೊತ್ತಿಗಾಗ್ಲೇ ಗೊತ್ತಾಗಿರುತ್ತೆ. ಯಾರು ಸೋಫಾ ಮೇಲೆ ಕೂರ್ತಾರೆ, ಯಾರು ಬಾಗಿಲ ಹತ್ರನೇ ನಿಂತು ಮಾತಾಡ್ತಾರೆ, ಯಾರನ್ನ "ನೀವು" ಅಂತೀವಿ, ಅಜ್ಜನ ವಯಸ್ಸಾಗಿದ್ರೂ ಯಾರನ್ನ "ನೀನು" ಅಂತೀವಿ, ಇದೆಲ್ಲ ಅವ್ರು ನೋಡ್ತಾನೇ ಇರ್ತಾರೆ. ಎಲ್ರೂ ಒಂದೇ ಅಂದಾಗ ಮಗು ಕಲಿಯೋದು ಒಂದೇ ಪಾಠ, ಈ ವಿಷಯ ಅಮ್ಮನ ಹತ್ರ ಕೇಳ್ಬಾರ್ದು ಅಂತ.

ನಮ್ಮ ಸಂಬಂಧಿಕರ ಮನೇಲಿ ಒಂದು ಪುಟ್ಟ ಹುಡುಗಿ ಇದಾಳೆ, ಯುಕೆಜಿ. ಅಡುಗೆ ಆಟದ ಸೆಟ್ ಇಟ್ಕೊಂಡು ನಮಗೆಲ್ಲ ಪ್ಲಾಸ್ಟಿಕ್ ಕಪ್ಪಲ್ಲಿ ಕಾಫಿ ಕೊಡ್ತಿದ್ಲು, ನಾವೂ ಸೊರ್ ಅಂತ ಕುಡಿಯೋ ನಾಟಕ ಮಾಡಿ ಸಕ್ಕರೆ ಕಮ್ಮಿ ಆಯ್ತು ಕಣೆ ಅಂತ ರೇಗಿಸ್ತಿದ್ವಿ. ಕೊನೇಲಿ ಒಂದು ಕಪ್ ಉಳೀತು. ಅದನ್ನ ತಗೊಂಡ್ ಹೋಗಿ ಕಿಟಕಿ ಕಟ್ಟೆ ಮೇಲೆ ಬೋರಲು ಹಾಕಿ ಬಂದ್ಲು. ಅದ್ಯಾಕೆ ಅಲ್ಲಿಟ್ಟೆ ಅಂದ್ರೆ "ಅದು ಕೆಲಸದವ್ರದ್ದು, ಒಳಗೆ ತರ್ಬಾರ್ದು" ಅಂದ್ಲು. ಎಲ್ರೂ ನಕ್ರು, ಎಷ್ಟು ಚುರುಕು ನೋಡಿ ಅಂದ್ರು. ಅವ್ಳಿಗೆ ಯಾರೂ ಕೂರಿಸ್ಕೊಂಡು ಹೇಳಿಕೊಟ್ಟಿಲ್ಲ. ಆ ಮನೆ ಯುಟಿಲಿಟೀಲಿ ವಾಷಿಂಗ್ ಮೆಷಿನ್ ಪಕ್ಕ ಒಂದು ಸ್ಟೀಲ್ ಲೋಟ ಹಂಗೇ ಬೋರಲು ಹಾಕಿರುತ್ತೆ, ಅಷ್ಟೇ. ಆ ಮನೆಯವ್ರನ್ನ ಕೇಳಿದ್ರೆ ನಾವು ಜಾತಿಗೀತಿ ನೋಡಲ್ಲಪ್ಪ ಅಂತಾರೆ, ಮತ್ತೆ ಅವ್ರು ಅದನ್ನ ನಿಜವಾಗ್ಲೂ ನಂಬಿದಾರೆ ಅದೇ ದೊಡ್ಡ ತಮಾಷೆ.

ಅದಕ್ಕೇ ನನ್ನ ಮಗಳು (ಈಗ ಎರಡನೇ ಕ್ಲಾಸು) ಒಂದು ಮದುವೆ ಮನೇಲಿ ಯಾರೋ ಮಾತಾಡಿದ್ದು ಕೇಳ್ಕೊಂಡು ಬಂದು "ಜಾತಿ ಅಂದ್ರೇನಮ್ಮ" ಅಂದಾಗ ನಾನು ನೇರವಾಗೇ ಹೇಳ್ದೆ. ತುಂಬಾ ಹಿಂದಿನಿಂದ ಕೆಲವ್ರು ನಾವು ಮೇಲು ನೀವು ಕೀಳು ಅಂತ ತಾವೇ ಹೇಳ್ಕೊಂಡು, ಭೂಮಿ ನೀರು ಓದು ದೇವಸ್ಥಾನ ಎಲ್ಲ ತಮಗೇ ಇಟ್ಕೊಂಡ್ರು, ಕಷ್ಟದ ಕೆಲಸ, ಗಲೀಜು ತೆಗೆಯೋ ಕೆಲಸ ಎಲ್ಲ ಬೇರೆಯವ್ರ ತಲೆಗೆ ಕಟ್ಟಿದ್ರು, ಯಾರು ಯಾವ ಮನೇಲಿ ಹುಟ್ಟಿದ್ರು ಅನ್ನೋದೊಂದೇ ಲೆಕ್ಕ. ಅದು ತಪ್ಪು, ಕಾನೂನೂ ತಪ್ಪು ಅನ್ನುತ್ತೆ, ಆದ್ರೂ ಇವತ್ತಿಗೂ ಮಾಡ್ತಾರೆ. ಇಷ್ಟೇ. ಅವ್ಳು ಸ್ವಲ್ಪ ಯೋಚ್ನೆ ಮಾಡಿ "ನಾವು ಯಾವ ಕಡೆ ಇದ್ವಿ?" ಅಂದ್ಲು. ಮೇಲು ಅಂತ ಹೇಳ್ಕೊಂಡವ್ರ ಕಡೆ ಅಂದೆ. ನಮ್ಮತ್ತೆ ಅಲ್ಲೇ ಅವರೆಕಾಯಿ ಸುಲೀತಿದ್ರು, ನನ್ನ ಮುಖ ಒಂದ್ಸಲ ನೋಡಿದ್ರು, ಏನೂ ಮಾತಾಡ್ಲಿಲ್ಲ.

ಕಥೆ ಇಲ್ದೆ ಮಕ್ಕಳಿಗೆ ಏನೂ ತಲೆಗೆ ಹೋಗಲ್ಲ ಅಂತ ಎಲ್ಲ ಅಪ್ಪ ಅಮ್ಮಂದಿರಿಗೂ ಗೊತ್ತಲ್ಲ, ನಾನು ಹೇಳೋದು ಅಂಬೇಡ್ಕರ್ ಅವ್ರ ಚಿಕ್ಕಂದಿನ ಕಥೆ. ಶಾಲೇಲಿ ಪಾಠ ಇರುತ್ತೆ, ಕೋಟು ಕನ್ನಡಕ ಹಾಕ್ಕೊಂಡ ಫೋಟೋ, ಸಂವಿಧಾನ ಶಿಲ್ಪಿ, ಅಲ್ಲಿಗೆ ಮುಗೀತು. ನಾನು ಸಾತಾರಾದ ಶಾಲೆಗೆ ಹೋಗ್ತಿದ್ದ ಹುಡುಗನ ಕಥೆ ಹೇಳ್ತೀನಿ. ಕೂರೋಕೆ ಮನೆಯಿಂದ ಗೋಣಿತಾಟು ತರ್ಬೇಕು, ಬೇರೆಯವ್ರಿಂದ ದೂರ ಹಾಕ್ಕೋಬೇಕು. ಬಾಯಾರಿಕೆ ಆದ್ರೆ ನಲ್ಲಿ ಮುಟ್ಟೋ ಹಂಗಿಲ್ಲ, ಪ್ಯೂನ್ ಬಂದು ನಲ್ಲಿ ತಿರುಗಿಸ್ಬೇಕು. "ಪ್ಯೂನ್ ರಜಾ ಹಾಕಿದ್ರೆ?" ಅಂದ್ಲು. ಅವತ್ತು ನೀರಿಲ್ಲ. "ಮಿಸ್ಸು ಸುಮ್ನಿದ್ರಾ?" ಮಿಸ್ ಅಲ್ಲ ಮೇಷ್ಟ್ರು ಅಂದೆ, ಸುಮ್ನಿದ್ರು. ಅವ್ಳಿಗೆ ಕೋಪ ಬಂದಿದ್ದು ಪ್ಯೂನ್ ಮೇಲಲ್ಲ, ಮೇಷ್ಟ್ರ ಮೇಲೆ. ಆಮೇಲೆ 1901ರ ಪ್ರಯಾಣ, ಸುಮಾರು ಒಂಬತ್ತು ವರ್ಷದ ಭೀಮ, ಜೊತೆಗೆ ಅಣ್ಣ ಮತ್ತೆ ಸಂಬಂಧದ ಮಕ್ಕಳು, ಹೊಸ ಬಟ್ಟೆ ಹಾಕ್ಕೊಂಡು ಕೋರೆಗಾಂವ್‌ನಲ್ಲಿ ಕೆಲಸದಲ್ಲಿದ್ದ ಅಪ್ಪನ್ನ ನೋಡೋಕೆ ರೈಲಲ್ಲಿ ಹೊರಟಿದ್ದು. ಮಸೂರ್ ಸ್ಟೇಷನ್‌ನಲ್ಲಿ ಇಳಿದ್ರೆ ಕರ್ಕೊಂಡ್ ಹೋಗೋಕೆ ಯಾರೂ ಬಂದಿಲ್ಲ. ಸ್ಟೇಷನ್ ಮಾಸ್ಟರ್ ಚೆನ್ನಾಗೇ ಮಾತಾಡಿಸ್ತಾನೆ, ಆಗ ಅಸ್ಪೃಶ್ಯರು ಅಂತ ದೂರ ಇಡ್ತಿದ್ದ ಮಹಾರ್ ಜಾತಿಯವ್ರು ಅಂತ ಗೊತ್ತಾದ ತಕ್ಷಣ ಮುಖ ಬದಲಾಗುತ್ತೆ. ಎತ್ತಿನ ಗಾಡಿಯವ್ರು ಯಾರೂ ಒಪ್ಪಲ್ಲ, ಕೊನೆಗೆ ಡಬ್ಬಲ್ ಬಾಡಿಗೆ ಕೊಟ್ಟು ಗಾಡಿ ಮಕ್ಕಳೇ ಹೊಡ್ಕೋಬೇಕು, ಗಾಡಿಯವ್ನು ಪಕ್ಕದಲ್ಲಿ ನಡ್ಕೊಂಡು ಬರೋದು ಅಂತ ಒಪ್ಪಂದ ಆಗುತ್ತೆ. ಬುತ್ತಿ ಇದೆ, ಆದ್ರೆ ರಾತ್ರಿ ಇಡೀ ಕುಡಿಯೋಕೆ ನೀರು ಕೊಡೋರಿಲ್ಲ.

ಇಲ್ಲಿಗೆ ನಿಲ್ಲಿಸಿಬಿಟ್ರೆ ಮಾತ್ರ ಕೆಲಸ ಕೆಡುತ್ತೆ. ಮಗು "ಪಾಪ" ಅಂತ ಕಲ್ತುಬಿಡುತ್ತೆ, ಪಾಪ ಅನ್ನೋದು ಮೇಲೆ ನಿಂತ್ಕೊಂಡು ಕೆಳಗೆ ನೋಡಿ ಹೇಳೋ ಮಾತು. ಅದೇ ಹುಡುಗ ದೊಡ್ಡವ್ನಾಗಿ 1927ರ ಮಾರ್ಚಲ್ಲಿ ಮಹಾಡ್ ಅನ್ನೋ ಊರಲ್ಲಿ, ದಲಿತರಿಗೆ ನೀರು ಮುಟ್ಟೋಕೆ ಬಿಡದಿದ್ದ ಚವದಾರ್ ಕೆರೆಗೆ ಸಾವಿರಾರು ಜನರ ಜೊತೆ ಮೆರವಣಿಗೆ ಹೋಗಿ ನೀರು ಕುಡಿದ್ರು ನೋಡು, ಆಮೇಲೆ ಅವ್ರದ್ದೇ ನೇತೃತ್ವದಲ್ಲಿ ಬರೆದ ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆ ಆಚರಿಸೋದೇ ಅಪರಾಧ ಅಂತ ಹೇಳಿತು ನೋಡು, ಇದು ಬಂದ್ರೇನೆ ಕಥೆ ಪೂರ್ತಿ. ಮಗಳಿಗೆ ಕೆರೆ ಭಾಗನೇ ಜಾಸ್ತಿ ಇಷ್ಟ, ಎಲ್ರೂ ಒಟ್ಟಿಗೇ ಕುಡಿದ್ರಾ, ಬೊಗಸೇಲಾ ಲೋಟದಲ್ಲಾ ಅಂತ ಎಲ್ಲ ಕೇಳ್ತಾಳೆ.

ನಮ್ಮಲ್ಲೇ ಏನ್ ಕಮ್ಮಿ ಇದೆ. ವಚನ ಬಾಯಿಪಾಠ ಮಾಡಿಸಿ ಸ್ಟೇಜ್ ಹತ್ತಿಸ್ತೀವಿ, ಆದ್ರೆ ಸಮಗಾರ ಹರಳಯ್ಯನವ್ರ ಮಗನಿಗೂ ಬ್ರಾಹ್ಮಣ ಮಧುವರಸರ ಮಗಳಿಗೂ ಮದುವೆ ಮಾಡಿದ್ದಕ್ಕೆ ಕಲ್ಯಾಣದಲ್ಲಿ ಆ ಅಪ್ಪಂದಿರಿಗೆ ಎಳೆಹೂಟೆ ಶಿಕ್ಷೆ, ಅಂದ್ರೆ ಆನೆ ಕಾಲಿಗೆ ಕಟ್ಟಿ ಎಳೆಸಿ ಸಾಯಿಸೋ ಶಿಕ್ಷೆ ಕೊಟ್ರು ಅನ್ನೋ ಕಥೆ ಮಕ್ಕಳಿಗೆ ಹೇಳೋದೇ ಇಲ್ಲ. ಮಂಗಳೂರಲ್ಲಿ ಕುದ್ಮುಲ್ ರಂಗರಾಯರು 1890ರ ದಶಕದಲ್ಲೇ ದಲಿತ ಮಕ್ಕಳಿಗೆ ಶಾಲೆ ಮಾಡಿದ್ರು, ಪುಣೆಯಲ್ಲಿ ಸಾವಿತ್ರಿಬಾಯಿ ಫುಲೆ 1848ರಲ್ಲೇ ಹೆಣ್ಣುಮಕ್ಕಳ ಶಾಲೇಲಿ ಪಾಠ ಮಾಡಿದ್ರು. ಸಗಣಿ ಎಸೀತಾರೆ ಅಂತ ಬ್ಯಾಗಲ್ಲಿ ಇನ್ನೊಂದು ಸೀರೆ ಇಟ್ಕೊಂಡು ಹೋಗ್ತಿದ್ರಂತೆ ಅಂದ್ರೆ ಮಕ್ಕಳು ಕಣ್ಣರಳಿಸಿ ಕೇಳ್ತಾರೆ. 2023ರಿಂದ ನಮ್ಮ ರಾಜ್ಯದ ಶಾಲೆಗಳಲ್ಲಿ ಸಂವಿಧಾನ ಪೀಠಿಕೆ ಓದಿಸ್ತಾರೆ, ಒಳ್ಳೇದೇ, ಆದ್ರೆ ಈ ಕಥೆಗಳಿಲ್ದೆ ಅದು ಮಗ್ಗಿ ಥರ ಆಗ್ಬಿಡುತ್ತೆ.

ಇನ್ನು ಶಾಲೆಗಳ "ವಿವಿಧತೆಯಲ್ಲಿ ಏಕತೆ" ಕಾರ್ಯಕ್ರಮ. ಜನವರಿ 26 ಬಂತು ಅಂದ್ರೆ ಬಾಡಿಗೆ ಡ್ರೆಸ್ ಅಂಗಡಿ ಮುಂದೆ ನಮ್ಮ ಸರದಿ. ಒಬ್ಬ ಸರ್ದಾರ್ಜಿ, ಒಬ್ಬ ಟೋಪಿ ಹಾಕ್ಕೊಂಡ ಸಾಬಿ, ಒಬ್ಳು ಬಿಳಿ ಗೌನ್ ಹಾಕಿ ಶಿಲುಬೆ ಹಿಡ್ಕೊಂಡವ್ಳು, ಮಧ್ಯದಲ್ಲಿ ಭಾರತ ಮಾತೆ. ಭಾರತ ಮಾತೆ ಆಗೋದು ಯಾವಾಗ್ಲೂ ಕ್ಲಾಸಿನ ಬೆಳ್ಳಗಿರೋ ಹುಡುಗೀನೇ ಯಾಕೆ ಅಂತ ಯಾರೂ ಕೇಳಲ್ಲ. ಒಂದು ವರ್ಷ ಒಬ್ಬ ಹುಡುಗನಿಗೆ ಮುಖಕ್ಕೆ ಮಸಿ ಬಳ್ದು ಎಲೆ ಕಟ್ಟಿ "ಆದಿವಾಸಿ" ಅಂತ ನಿಲ್ಲಿಸಿದ್ರು, ಕೈಯಲ್ಲಿ ಈಟಿ ಬೇರೆ. ಚಪ್ಪಾಳೆ ಜೋರಾಗೇ ಬಿತ್ತು. ನಮ್ಮ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆ ಸಿದ್ದಿ ಅನ್ನೋ ಬುಡಕಟ್ಟಿನವ್ರಿದಾರೆ, ಪೂರ್ವಜರು ಆಫ್ರಿಕಾದಿಂದ ಬಂದವ್ರು, ಅವ್ರ ಮಕ್ಕಳು ನಮ್ಮ ಮಕ್ಕಳ ಥರಾನೇ ಯೂನಿಫಾರ್ಮ್ ಹಾಕ್ಕೊಂಡು ಕನ್ನಡದಲ್ಲೇ ಓದ್ತಾರೆ. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ ಸದಸ್ಯರೂ ಆದ್ರು. ಸೂಟು ಬೂಟು ಹಾಕಿ ಅವ್ರ ವೇಷ ಹಾಕಿಸ್ಬಹುದಿತ್ತಲ್ವಾ, ಮಸಿ ಖರ್ಚೂ ಉಳೀತಿತ್ತು.

ಬಣ್ಣದ ವಿಷಯ ಬಂತಲ್ಲ, ಕ್ರೇಯಾನ್ ಡಬ್ಬಿ ತೆಗ್ದು ನೋಡಿ, ಅದ್ರಲ್ಲಿ ಒಂದು ತಿಳಿ ಗುಲಾಬಿ ಥರದ್ದು ಇರುತ್ತೆ, ಮಕ್ಕಳೆಲ್ಲ ಅದನ್ನ "ಸ್ಕಿನ್ ಕಲರ್" ಅಂತಾರೆ. ಆ ಸ್ಕಿನ್ ಕಲರ್ ಕೊಡೇ ಅಂತ ಜಗಳ ಬೇರೆ. ಒಂದಿನ ಮನೇಲಿ ಮೂರ್ನಾಲ್ಕು ಮಕ್ಕಳು ಸೇರಿದಾಗ ಎಲ್ರೂ ಕೈ ಟೇಬಲ್ ಮೇಲಿಡಿ ಅಂದೆ, ಪಕ್ಕದಲ್ಲಿ ಆ ಕ್ರೇಯಾನ್ ಇಟ್ಟೆ. ಒಬ್ರ ಕೈಗೂ ಮ್ಯಾಚ್ ಆಗ್ಲಿಲ್ಲ! ಆಮೇಲೆ ಕಂದು, ಹಳದಿ, ಸ್ವಲ್ಪ ಕಪ್ಪು ಎಲ್ಲ ಉಜ್ಜಿ ಉಜ್ಜಿ ತಮ್ಮ ತಮ್ಮ ಕೈ ಬಣ್ಣ ಮಾಡೋಕೆ ಕೂತ್ರು, ಪೇಪರ್ ಹರಿದುಹೋಯ್ತು. ನಾನು ಒಂದು ಮಾತೂ ಉಪದೇಶ ಮಾಡ್ಲಿಲ್ಲ.

ಊಟದ ಡಬ್ಬಿ ವಿಷಯ ಇದಕ್ಕಿಂತ ಸೂಕ್ಷ್ಮ. ಪಕ್ಕದವ್ರ ಡಬ್ಬಿ ನೋಡಿ "ಛೀ" ಅನ್ನೋದನ್ನ ಮಕ್ಕಳು ಎಲ್‌ಕೆಜಿಲೇ ಕಲ್ತಿರ್ತಾರೆ. ನಮ್ಮನೇಲಿ ಮೊಟ್ಟೆ ಮಾಡಲ್ಲ, ಆದ್ರೆ ಛೀ ಅನ್ನೋ ಹಂಗಿಲ್ಲ, ಅದೊಂದೇ ರೂಲು. 2021ರ ಡಿಸೆಂಬರಲ್ಲಿ ಕಲ್ಯಾಣ ಕರ್ನಾಟಕದ ಕಡೆ ಸರ್ಕಾರಿ ಶಾಲೆಗಳಲ್ಲಿ ಮೊಟ್ಟೆ ಕೊಡೋಕೆ ಶುರು ಮಾಡಿದಾಗ ಕೆಲವು ಮಠಾಧೀಶರು ವಿರೋಧ ಮಾಡಿದ್ರಲ್ಲ, ಆಗ ಗಂಗಾವತಿಯ ಶಾಲಾ ಹುಡುಗಿಯೊಬ್ಳು ನಮಗೆ ಮೊಟ್ಟೆ ಬೇಕು ಅಂತ ಸ್ವಾಮೀಜಿಗಳಿಗೇ ಸವಾಲು ಹಾಕಿ ಮಾತಾಡಿದ ವಿಡಿಯೋ ಎಲ್ರ ಫೋನಲ್ಲೂ ಓಡಾಡಿತ್ತು. ಅದನ್ನ ಮಗಳಿಗೆ ತೋರ್ಸಿದೀನಿ. ಮೊಟ್ಟೆ ತಿನ್ನದೋರಿಗೆ ಬಾಳೆಹಣ್ಣು ಕೊಡ್ತಾರೆ, ಯಾರಿಗೂ ಬಲವಂತ ಇಲ್ಲ, ನಂಗೆ ಬೇಡ ಅನ್ನೋದು ಬೇರೆ ನೀನೂ ತಿನ್ಬೇಡ ಅನ್ನೋದು ಬೇರೆ ಅಂತ ಏಳು ವರ್ಷದವ್ರಿಗೆ ಅರ್ಥ ಆಗುತ್ತೆ. ಅರ್ಥ ಆಗ್ದೇ ಇರೋದು ದೊಡ್ಡವ್ರಿಗೆ.

ಸಿಗ್ನಲ್ಲಲ್ಲಿ ಮಂಗಳಮುಖಿಯರು ಬಂದಾಗ ಕಾರಿನ ಗ್ಲಾಸ್ ಏರಿಸ್ತೀವಲ್ಲ, ಹಿಂದಿನ ಸೀಟಲ್ಲಿ ಕೂತಿರೋರು ಅದನ್ನೂ ನೋಡ್ತಿರ್ತಾರೆ. ನಮ್ಮ ಮನೇಲಿ ಇದಕ್ಕೆ ಮಂಜಮ್ಮ ಜೋಗತಿಯವ್ರ ವಿಡಿಯೋ ತುಂಬಾ ಸಹಾಯ ಮಾಡ್ತು. 2021ರಲ್ಲಿ ಪದ್ಮಶ್ರೀ ತಗೊಳ್ಳೋಕೆ ಹೋದಾಗ ರಾಷ್ಟ್ರಪತಿಗಳಿಗೇ ಸೆರಗಿನಿಂದ ದೃಷ್ಟಿ ತೆಗೆದ್ರಲ್ಲ, ಅದು. ಜಾನಪದ ಅಕಾಡೆಮಿ ಅಧ್ಯಕ್ಷರಾಗಿದ್ರು, ಹುಡುಗ ಅಂತ ಹುಟ್ಟಿದ್ರೂ ತಾನು ಹೆಣ್ಣು ಅಂತ ಅನ್ನಿಸ್ತು, ಹಂಗೇ ಬದುಕಿದ್ರು ಅಂದೆ. ಓ ಹಂಗಾ ಅಂದ್ಲು, ಮತ್ತೆ ಅಜ್ಜಿ ನಂಗೆ ದೃಷ್ಟಿ ತೆಗೆಯೋ ಥರಾನೇ ತೆಗೆದ್ರು ಅಂತ ವಿಡಿಯೋ ಇನ್ನೊಂದ್ಸಲ ಹಾಕಿಸ್ಕೊಂಡ್ಲು. ನಾವು ಎಷ್ಟು ತಡವರಿಸಿ ತಯಾರಿ ಮಾಡ್ಕೊಂಡಿರ್ತೀವೋ ಅವ್ರಿಗೆ ಅಷ್ಟು ಬೇಗ ಮುಗಿದಿರುತ್ತೆ.

"ಇಷ್ಟು ಚಿಕ್ಕ ಮಕ್ಕಳಿಗೆ ಇದೆಲ್ಲ ಯಾಕೆ, ಮನಸ್ಸು ಕೆಡಿಸ್ತೀರ" ಅನ್ನೋರು ತುಂಬಾ ಜನ ಇದಾರೆ, ನಮ್ಮ ಮನೆಯಲ್ಲೂ. 2021ರಲ್ಲಿ ಕೊಪ್ಪಳ ಜಿಲ್ಲೆ ಮಿಯಾಪುರದಲ್ಲಿ ಏನಾಯ್ತು ನೆನಪಿದೆಯಾ, ಒಂದು ದಲಿತ ಕುಟುಂಬ ಮಗುವಿನ ಹುಟ್ಟುಹಬ್ಬ ಅಂತ ದೇವಸ್ಥಾನದ ಹೊರಗೇ ನಿಂತು ಕೈಮುಗೀತಿದ್ರು, ಮಳೆ ಬಂತು ಅಂತ ಆ ಪುಟ್ಟ ಹುಡುಗ ಒಳಗೆ ಓಡಿಬಿಟ್ಟ, ಅದಕ್ಕೆ ಶುದ್ಧೀಕರಣದ ಹೆಸರಲ್ಲಿ ಅಪ್ಪ ಅಮ್ಮನಿಗೆ 25,000 ರೂಪಾಯಿ ದಂಡ ಹಾಕಿದ್ರು. ಆಮೇಲೆ ಕೇಸಾಯ್ತು, ಅರೆಸ್ಟೂ ಆಯ್ತು. ಆ ಹುಡುಗ ಅಂಗನವಾಡಿ ವಯಸ್ಸಿನವ್ನು. ಅವ್ನಿಗೆ ಈ ಪಾಠ ಮಾಡೋಕೆ ಯಾರೂ ವಯಸ್ಸು ಎಷ್ಟು ಅಂತ ಕೇಳ್ಲಿಲ್ಲ, ನಮ್ಮ ಮಕ್ಕಳಿಗೆ ಮಾತ್ರ ಹೈಸ್ಕೂಲ್‌ವರೆಗೂ ಕಾಯ್ಬೇಕಾ? ಹೊಡೆದ ಬಡಿದ ವಿಡಿಯೋ, ಕೊಲೆ ಸುದ್ದಿ ಎಲ್ಲ ತೋರಿಸ್ಬೇಡಿ, ಅದನ್ನ ನಾನೂ ಒಪ್ತೀನಿ. ಇಷ್ಟನ್ನ ಹೇಳ್ಬಹುದು.

ಇನ್ನೊಂದು ಬೇಜಾರು ಅಂದ್ರೆ ಇಷ್ಟೆಲ್ಲ ಹೇಳಿ ನಾವು ಸೇರಿಸೋದು ಎಂಥ ಶಾಲೆಗೆ. ಎಲ್ಲ ಒಂದೇ ಥರದ ಅಪ್ಪ ಅಮ್ಮ, ಒಂದೇ ಥರದ ಕಾರು. ಆರ್‌ಟಿಇ ಅಂದ್ರೆ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಖಾಸಗಿ ಶಾಲೆಗಳು 25% ಸೀಟು ಬಡ ಮಕ್ಕಳಿಗೆ ಕೊಡ್ಬೇಕಿತ್ತು, ಅದು ಜೋರಾಗಿದ್ದ ವರ್ಷಗಳಲ್ಲಿ ನಮ್ಮ ಅಕ್ಕನ ಮಗನ ಕ್ಲಾಸಲ್ಲಿ ಗಾರೆ ಕೆಲಸದವ್ರ ಮಗನೂ ತರಕಾರಿ ಗಾಡಿಯವ್ರ ಮಗಳೂ ಇದ್ರು, ಹುಟ್ಟುಹಬ್ಬಕ್ಕೆ ಒಬ್ರ ಮನೆಗೊಬ್ರು ಹೋಗ್ತಿದ್ರು. 2019ರಲ್ಲಿ ನಮ್ಮ ರಾಜ್ಯ ನಿಯಮ ಬದಲಾಯಿಸಿ ಅಕ್ಕಪಕ್ಕ ಸರ್ಕಾರಿ ಇಲ್ಲ ಅನುದಾನಿತ ಶಾಲೆ ಇದ್ರೆ ಖಾಸಗಿಯವ್ರು ಆ ಸೀಟು ಕೊಡ್ಬೇಕಾಗಿಲ್ಲ ಅಂತ ಮಾಡಿದ್ಮೇಲೆ ಅದೂ ಹೋಯ್ತು. ಈಗ ಅದೇ ಥರದ ಶಾಲೆಗಳಲ್ಲಿ ದುಡ್ಡು ಕಟ್ಟಿಸ್ಕೊಂಡು "ಎಂಪಥಿ ವರ್ಕ್‌ಶಾಪ್" ಮಾಡ್ತಾರೆ. ಅಂಗವೈಕಲ್ಯ ಇರೋ ಮಕ್ಕಳ ಕಥೆನೂ ಅಷ್ಟೇ, ಅಡ್ಮಿಷನ್ ಕೊಟ್ಟಿರ್ತಾರೆ, ಬ್ರೋಷರಲ್ಲಿ ಫೋಟೋ ಇರುತ್ತೆ, ವಾರ್ಷಿಕೋತ್ಸವದ ದಿನ ಡ್ಯಾನ್ಸಲ್ಲಿ ಹಿಂದಿನ ಸಾಲು. ಆಟಕ್ಕುಂಟು ಲೆಕ್ಕಕ್ಕಿಲ್ಲ.

ಅದಕ್ಕೇ ಸಾಯಂಕಾಲ ಮಗಳನ್ನ ನಮ್ಮ ಬಡಾವಣೆ ಹಿಂದಿನ ಸರ್ಕಾರಿ ಶಾಲೆ ಮೈದಾನಕ್ಕೆ ಬಿಡ್ತೀನಿ. ಅಲ್ಲಿ ಎಲ್ಲ ಥರದ ಮಕ್ಕಳೂ ಬರ್ತಾರೆ, ಬೈಗುಳನೂ ಕಲ್ತ್ಕೊಂಡು ಬರ್ತಾಳೆ, ಪರವಾಗಿಲ್ಲ. ಅಲ್ಲಿ ಒಬ್ಬ ಹುಡುಗನಿಗೆ ಒಂದು ಕಾಲಿಗೆ ಆಸರೆಗೆ ಕಟ್ಟೋ ಕ್ಯಾಲಿಪರ್ ಇದೆ, ಓಡೋಕಾಗಲ್ಲ. ಯಾವ ದೊಡ್ಡವ್ರೂ ಹೇಳ್ದೆ ಮಕ್ಕಳೇ ಒಂದು ರೂಲ್ ಮಾಡ್ಕೊಂಡಿದಾರೆ, ಅವ್ನು ಬ್ಯಾಟ್ ಬೀಸೋದು, ಅವ್ನ ಪರವಾಗಿ ಬೇರೆಯವ್ರು ರನ್ ಓಡೋದು. ಕಳೆದ ವಾರ ಅವ್ನಿಗೆ ಓಡ್ತಿದ್ದಿದ್ದು ನನ್ನ ಮಗಳು, ರನ್ ಔಟ್ ಆದ್ಲು. ಅವ್ಳು ಔಟಾದ್ರೆ ನಾನ್ಯಾಕೆ ಬ್ಯಾಟ್ ಕೊಡ್ಲಿ ಅಂತ ಅವ್ನು, ನಿನ್ನ ರನ್ ತಾನೇ ಓಡಿದ್ದು ಅಂತ ಇವ್ರು, ನೀನು ಲೇಟಾಗಿ ಎಸ್ ಅಂದೆ ಅಂತ ನನ್ನ ಮಗಳು, ಕೊನೆಗೆ ಫೀಲ್ಡಿಂಗ್‌ನಲ್ಲಿದ್ದವ್ನೊಬ್ಬ ಬಂದು "ಔಟ್ ಅಂದ್ರೆ ಔಟು ಕಣೋ, ದಿನಾ ಇದೇ ಮೋಸ ನಿಂದು" ಅಂತ ಬ್ಯಾಟ್ ಕಿತ್ಕೊಂಡ. ಕ್ಯಾಲಿಪರ್ ಹುಡುಗನೂ ಬಿಡ್ಲಿಲ್ಲ, ಬಾಲ್ ತನ್ನದು ಅಂತ ಜೇಬಿಗೆ ಹಾಕ್ಕೊಂಡು ಮನೆಗೆ ಹೊರಟೇಬಿಟ್ಟ.