ಅಪ್ಪಯ್ಯನ ನೆಗೆಟಿವ್‌ಗಳಿಗೆ ಒಂದು ಸ್ಕ್ಯಾನರ್

ನೆಗೆಟಿವ್ ಸ್ಕ್ಯಾನ್ ಮಾಡುವ ಹುಚ್ಚು ಹತ್ತಿದವರಿಗೆ ನಾನು ಹೇಳುವುದು ಇಷ್ಟೇ: ಮೊದಲು ಮನೆಯಲ್ಲಿ ಯಾವ ಯಾವ ನೆಗೆಟಿವ್ ಇವೆ ಅಂತ ನೋಡಿಕೊಳ್ಳಿ. ಸ್ಕ್ಯಾನರ್ ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಬರೆದಿರುವ ಡಿಪಿಐ (ಇಂಚಿಗೆ ಎಷ್ಟು ಚುಕ್ಕೆ ಅನ್ನುವ) ಲೆಕ್ಕ ಆಮೇಲೆ.

ಸಾಗರದ ನಮ್ಮ ಮನೆಯಲ್ಲಿ ಎರಡು ಜಾತಿ ಇದ್ದವು. ಒಂದು, ಅಪ್ಪಯ್ಯ ಆಗ್ಫಾ ಕ್ಲಿಕ್ ಥ್ರೀ ಕ್ಯಾಮೆರಾದಲ್ಲಿ ತೆಗೆದ ಕಪ್ಪು-ಬಿಳುಪು. 120 ಅನ್ನುವ ಅಗಲ ಫಿಲ್ಮಿನ ರೋಲು, ರೋಲಿಗೆ 12 ಚೌಕ ಫೋಟೋ. ಇನ್ನೊಂದು, ಮದುವೆ-ಮುಂಜಿಗಳ 35 ಎಂಎಂ ರೀಲು. ಬಹುಪಾಲು ಕಲರ್, ನಡುವೆ ಊಟಿಯಲ್ಲಿ ತಯಾರಾಗುತ್ತಿದ್ದ 'ಇಂದು' ಬ್ರ್ಯಾಂಡಿನ ಕಪ್ಪು-ಬಿಳುಪು ಫಿಲ್ಮೂ ಉಂಟು. ಮಲೆನಾಡಿನ ಮಳೆಗೆ ಕೆಲವಕ್ಕೆ ಬೂಸ್ಟು ಹಿಡಿದಿತ್ತು. ಅವನ್ನು ಒದ್ದೆ ಬಟ್ಟೆಯಲ್ಲಿ ಒರೆಸಲು ಮಾತ್ರ ಹೋಗಬೇಡಿ. ಬೂಸ್ಟು ತಿಂದ ಜಾಗದಲ್ಲಿ ನೀರು ತಾಗಿದರೆ ಚಿತ್ರವೇ ಕರಗಿ ಬರಬಹುದು.

ವಿಂಗಡಿಸಲು ಸ್ಕ್ಯಾನರ್ ಬೇಕಾಗಲಿಲ್ಲ. ಟ್ಯಾಬ್ಲೆಟ್ಟಿನಲ್ಲಿ ಬಿಳಿ ಪರದೆ ಇಟ್ಟು, ನೆಗೆಟಿವ್ ಅನ್ನು ಅದರಿಂದ ಒಂದೆರಡು ಇಂಚು ಮೇಲೆ ಹಿಡಿದು, ಫೋನಿನಲ್ಲಿ ಫೋಟೋ ತೆಗೆದು ಬಣ್ಣ ತಿರುಗಿಸಿದರೆ (ಇನ್ವರ್ಟ್) ಯಾರ ಮುಖ ಅಂತ ಗೊತ್ತಾಗುತ್ತದೆ. ಪರದೆಗೆ ಅಂಟಿಸಿದರೆ ಅದರ ಚುಕ್ಕೆಗಳೇ ಮೂಡುತ್ತವೆ. ಮನೆಯ ಪ್ರಿಂಟರ್ ಮೇಲಿನ ಸ್ಕ್ಯಾನರ್ ಕೆಲಸಕ್ಕೆ ಬಾರದು. ಅದು ಕಾಗದಕ್ಕೆ ಬಡಿದು ವಾಪಸ್ ಬಂದ ಬೆಳಕನ್ನು ಓದುತ್ತದೆ. ನೆಗೆಟಿವ್‌ಗೆ ಬೆಳಕು ಹಿಂದಿನಿಂದ ತೂರಿ ಬರಬೇಕು.

ಬೆಂಗಳೂರಿನಲ್ಲಿ ಗೆಳೆಯನೊಬ್ಬನ ಹತ್ತಿರ ಪ್ಲಸ್‌ಟೆಕ್ 8200ಐ ಇದೆ. ಫಿಲ್ಮಿಗೆಂದೇ ಮಾಡಿದ ಸ್ಕ್ಯಾನರ್. ಒಂದು ಭಾನುವಾರ ಒಂದಿಷ್ಟು ನೆಗೆಟಿವ್ ಹಿಡಿದುಕೊಂಡು ಅವನ ಮನೆಗೆ ಹೋದೆ. "120 ತಂದಿದ್ದೀಯಾ? ಇದರೊಳಗೆ ಅದು ಹೋಗೋದೇ ಇಲ್ಲ ಮಾರಾಯ" ಅಂದ. ಅರ್ಧ ತೀರ್ಮಾನ ಅಲ್ಲಿಗೇ ಆಯಿತು.

35 ಎಂಎಂ ಮಾತ್ರ ಸೊಗಸಾಗಿ ಬಂತು. ಅತ್ತೆಯ ಮದುವೆಯ ಒಂದು ಕಲರ್ ಫ್ರೇಮಿನಲ್ಲಿ ಧೂಳು, ಗೀರು ತುಂಬಿತ್ತು. ಇನ್‌ಫ್ರಾರೆಡ್ ಆನ್ ಮಾಡಿದ, ಎಲ್ಲ ಮಾಯ. ಕಲರ್ ಫಿಲ್ಮಿನ ಬಣ್ಣದೊಳಗೆ ಇನ್‌ಫ್ರಾರೆಡ್ ತೂರಿಹೋಗುತ್ತದೆ, ಧೂಳು ಅಡ್ಡ ನಿಲ್ಲುತ್ತದೆ. ಹಾಗಾಗಿ ಧೂಳು ಎಲ್ಲಿದೆ ಅಂತ ಯಂತ್ರಕ್ಕೆ ಗೊತ್ತಾಗುತ್ತದೆ. ಇದೇ ಉಪಾಯವನ್ನು 'ಇಂದು' ಫಿಲ್ಮಿನ ಮೇಲೆ ಹೂಡಿದಾಗ ಅಪ್ಪಯ್ಯನ ಬಿಳಿ ಪಂಚೆಯ ನೆರಿಗೆಗಳು ಬಳಿದಂತಾಗಿ ಹಾಳಾದವು. ಕಪ್ಪು-ಬಿಳುಪಿನಲ್ಲಿ ಚಿತ್ರ ಮೂಡಿರುವುದು ಬೆಳ್ಳಿಯ ಕಣಗಳಲ್ಲಿ. ಇನ್‌ಫ್ರಾರೆಡ್ಡಿಗೆ ಬೆಳ್ಳಿಯೂ ಅಡ್ಡವೇ. ಪಂಚೆ ನೆಗೆಟಿವ್‌ನಲ್ಲಿ ಅತಿ ಕಪ್ಪು, ಅಂದರೆ ಬೆಳ್ಳಿ ಜಾಸ್ತಿ. ಯಂತ್ರ ಅದನ್ನೇ ಕಸ ಅಂದುಕೊಂಡು ಗುಡಿಸಿತು. ಮನೆ ತುಂಬ ಕಪ್ಪು-ಬಿಳುಪೇ ಇದ್ದರೆ ಈ ಸೌಲಭ್ಯಕ್ಕೆ ಸುಮ್ನೆ ದುಡ್ಡು ಕೊಡಬೇಡಿ. ಬ್ಲೋವರ್, ತಾಳ್ಮೆ ಸಾಕು.

ಇನ್ನು ಡಿಪಿಐ. ಅವನ ಯಂತ್ರ 7200 ಅನ್ನುತ್ತದೆ. ಪರೀಕ್ಷೆ ಮಾಡಿ ನೋಡಿದವರ ಪ್ರಕಾರ ನಿಜವಾಗಿ ಸಿಗುವುದು 3000ಕ್ಕಿಂತ ಸ್ವಲ್ಪ ಹೆಚ್ಚು. 7200ರಲ್ಲೇ, 48 ಬಿಟ್ ಬಣ್ಣದಲ್ಲಿ ಸ್ಕ್ಯಾನ್ ಮಾಡುತ್ತೇನೆಂದು ಕೂತರೆ ಒಂದೊಂದು ಫೈಲು 400 ಎಂಬಿ ದಾಟುತ್ತದೆ, ವಿವರ ಒಂದು ಕೂದಲೂ ಹೆಚ್ಚುವುದಿಲ್ಲ. 120 ಕೂಡ ಹಿಡಿಯುವ, ನನ್ನ ಕಣ್ಣಿದ್ದ ಎಪ್ಸನ್ ವಿ600 ಸ್ಕ್ಯಾನರಿನದು ಇನ್ನೂ ದೊಡ್ಡ ಮಾತು. 6400 ಅನ್ನುತ್ತದೆ, ಸಿಗುವುದು 1500ರ ಆಸುಪಾಸು. ಅದು ಸಾಲದು ಅಂತಲೇ ಗೆಳೆಯನ ವಾದ. 35 ಎಂಎಂ ಮಟ್ಟಿಗೆ ಅವನು ಹೇಳುವುದು ಸರಿ. 36 ಮಿಲಿಮೀಟರ್ ಉದ್ದಕ್ಕೆ ಎರಡು ಸಾವಿರ ಚಿಲ್ಲರೆ ಚುಕ್ಕೆ ಬರುತ್ತದೆ. ಆಲ್ಬಮ್ಮಿನ 4×6 ಪ್ರಿಂಟಿಗೆ ಆರಾಮ, ಗೋಡೆಗೆ ಹಾಕುವಷ್ಟು ದೊಡ್ಡದಕ್ಕೆ ಇಲ್ಲ. ಆದರೆ 120 ನೆಗೆಟಿವ್ 56 ಮಿಲಿಮೀಟರ್ ಅಗಲ. ಅದೇ 1500ಕ್ಕೆ ಒಂದೊಂದು ಬದಿಗೂ ಮೂರು ಸಾವಿರಕ್ಕಿಂತ ಹೆಚ್ಚು ಚುಕ್ಕೆ. ಕ್ಲಿಕ್ ಥ್ರೀಯ ಸಾದಾ ಲೆನ್ಸು ಹಿಡಿದಿರುವ ವಿವರಕ್ಕೆ ಇಷ್ಟು ಧಾರಾಳ ಅಲ್ವಾ? ಫಿಲ್ಮಿನಲ್ಲಿ ಇಲ್ಲದ್ದನ್ನು ಯಾವ ಸ್ಕ್ಯಾನರ್ ತಂದುಕೊಡುತ್ತದೆ?

ತೀರಾ ಹತ್ತಿರದಿಂದ ತೆಗೆಯುವ ಮ್ಯಾಕ್ರೋ ಲೆನ್ಸ್ ಹಾಕಿ ಕ್ಯಾಮೆರಾದಲ್ಲೇ ನಕಲು ತೆಗೆಯುವುದು ಇನ್ನೂ ಚುರುಕು. ಆದರೆ ಲೆನ್ಸು, ಒಳ್ಳೆ ಬೆಳಕಿನ ಹಲಗೆ, ಸ್ಟ್ಯಾಂಡು ಎಲ್ಲ ಹೊಂದಿಸಬೇಕು. ಕಲರ್ ನೆಗೆಟಿವ್‌ನ ಕಿತ್ತಳೆ ಛಾಯೆ ತೆಗೆಯುವ ಕೆಲಸವೂ ನಮ್ಮ ತಲೆಗೇ. ಕ್ಯಾಮೆರಾ, ಲೆನ್ಸು ಮೊದಲೇ ಇರುವವರು ಅದನ್ನೇ ಮಾಡಲಿ. ನನ್ನ ಹತ್ತಿರ ಇರಲಿಲ್ಲ.

ಕೊನೆಗೆ ವಿ600 ಸೆಕೆಂಡ್ ಹ್ಯಾಂಡ್ ತೆಗೆದುಕೊಂಡೆ. ಕೊಳ್ಳುವಾಗ ಮುಖ್ಯವಾಗಿ ನೋಡಿದ್ದು ಫಿಲ್ಮ್ ಹೋಲ್ಡರ್‌ಗಳು ಇವೆಯಾ ಅಂತ. ಮುಚ್ಚಳದ ಒಳಗಿನ ದೀಪ ಹತ್ತಿಸಿ, ಗಾಜಿನ ಒಳಮೈಯಲ್ಲಿ ಮಬ್ಬು ಕೂತಿದೆಯಾ ಅಂತಲೂ ನೋಡಿದೆ. ಹೋಲ್ಡರ್ ಇಲ್ಲದೆ ಫಿಲ್ಮನ್ನು ನೇರ ಗಾಜಿನ ಮೇಲಿಟ್ಟರೆ ಕಾಮನಬಿಲ್ಲಿನಂಥ ಉಂಗುರಗಳು ಮೂಡುತ್ತವೆ. ಈಗ ಪದ್ಧತಿ ಹೀಗೆ: 120 ಎಲ್ಲ ನಮ್ಮನೆಯಲ್ಲಿ, 2400 ಡಿಪಿಐಗೆ. 35 ಎಂಎಂ ಕೂಡ ಒಂದು ಸಲಕ್ಕೆ 12 ಫ್ರೇಮ್ ಇಲ್ಲೇ ಆಗುತ್ತದೆ. ದೊಡ್ಡದು ಮಾಡಿಸಬೇಕಾದ ಒಂದೆರಡು ಮಾತ್ರ ಗೆಳೆಯನ ಮನೆಗೆ.

ಮೊದಲು ಕೂರಿಸಿದ್ದು ಜೋಗದ ನೆಗೆಟಿವ್. ಫಿಲ್ಮಿನ ಒಂದು ಮೈ ಹೊಳಪು, ಇನ್ನೊಂದು ಮಂಕು. ತಿರುವುಮುರುವಾದರೆ ಚಿತ್ರದ ಎಡ-ಬಲ ಅದಲುಬದಲಾಗುತ್ತದೆ. ಅಪ್ಪಯ್ಯ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತಿದ್ದರು. ಅವರಿಗೆ ಹೊಳಪು-ಮಂಕಿನ ತಲೆಬಿಸಿಯೇ ಇಲ್ಲ. "ರಾಜಾ ಎಡಗಡೆ ಬರಬೇಕು, ಅಷ್ಟು ನೋಡ್ಕೋ" ಅಂದರು. ರಾಜಾ ಎಡಗಡೆಗೇ ಇತ್ತು. ಪೂರ್ತಿ ಚಿತ್ರ ಬಂದ ಮೇಲೆ ಕನ್ನಡಕ ಏರಿಸಿಕೊಂಡು ನೋಡಿ, "ಮೇಲ್ಗಡೆ ಆಕಾಶ ಜಾಸ್ತಿ ಆಯ್ತು, ಸ್ವಲ್ಪ ಕತ್ತರಿಸು" ಅಂತ ಹೇಳಿ ಮುಂದಿನ ನೆಗೆಟಿವ್ ಕೈಗೆ ಕೊಟ್ಟರು.