ದುಡಿಯ ಪೆಟ್ಟು ಎಲ್ಲಿ ಹೋಯಿತು?

14 ಜುಲೈ 2024, ಭಾನುವಾರ
ವಿರಾಜಪೇಟೆ

ಬೆಳಗಿನಿಂದ ಬಿಡದ ಮಳೆ. ಶೀಟಿನ ಮಾಡಿನ ಕೆಳಗೆ ಸ್ಪೀಕರ್ ನಂಬುವಂತಿರಲಿಲ್ಲ. ಹೆಡ್‌ಫೋನ್ ಹಾಕಿಕೊಂಡೇ ಕುಳಿತೆ.

ಕಳೆದ ಹುತ್ತರಿ ಹಬ್ಬದಲ್ಲಿ ಐನ್‌ಮನೆಯಲ್ಲಿ (ಕುಟುಂಬದ ಮೂಲಮನೆ) ಧ್ವನಿಮುದ್ರಿಸಿಕೊಂಡ ದುಡಿಕೊಟ್ಟ್ ಪಾಟ್‌ನ, ಎಂದರೆ ದುಡಿಯೆಂಬ ಪುಟ್ಟ ಚರ್ಮವಾದ್ಯ ಬಾರಿಸುತ್ತ ಹಾಡುವ ಕೊಡವ ಹಾಡಿನ, ಮಿಕ್ಸ್ (ಬೇರೆಬೇರೆ ಮುದ್ರಣಗಳನ್ನು ಹದವಾಗಿ ಕೂಡಿಸುವುದು) ಮುಗಿಯಿತೆಂದುಕೊಂಡು ನಿನ್ನೆ ದೊಡ್ಡಪ್ಪನಿಗೆ ಕೇಳಿಸಿದ್ದೆ. ಹಾಡಿದ ನಾಲ್ವರಲ್ಲಿ ಅವರೂ ಒಬ್ಬರು. ಅರ್ಧಕ್ಕೇ ಹೆಡ್‌ಫೋನ್ ತೆಗೆದಿಟ್ಟು, “ಜೋರಾಗಿ ಕೇಳುತ್ತದೆ, ಸರಿ. ದುಡಿಯ ಪೆಟ್ಟು ಎಲ್ಲಿ ಹೋಯಿತು?” ಎಂದರು. ರಾತ್ರಿಯೆಲ್ಲ ಅದೇ ಪ್ರಶ್ನೆ ಕಾಡಿತು.

ಇಂದು ಫೈಲನ್ನು ಹಿಗ್ಗಿಸಿ ನೋಡಿದೆ. ಪ್ರತಿ ಪೆಟ್ಟಿನ ಅಲೆಯ ತುದಿಯೂ ಕತ್ತಿಯಿಂದ ಸವರಿದ ಬೇಲಿಗಿಡದಂತೆ ಚಪ್ಪಟೆ. ಡಿಜಿಟಲ್‌ನಲ್ಲಿ 0 ಡೆಸಿಬೆಲ್ ಎಂದರೆ ಕೊನೆಯ ಮೆಟ್ಟಿಲು. ಸದ್ದನ್ನು ಅಂಕಿಗಳಾಗಿ ಬರೆದಿಡುವ 16 ಬಿಟ್ ಫೈಲಿನಲ್ಲಿ 32,767ರ ಮೇಲೆ ಅಂಕಿಯೇ ಇಲ್ಲ. ಅದನ್ನು ಮೀರಲು ಹೋದದ್ದೆಲ್ಲ ಅಲ್ಲೇ ತುಂಡಾಗಿ, ಹಾಡಿದವರ ಕಂಠದಲ್ಲಿಲ್ಲದ ಕರಕರ ಸೇರಿಕೊಳ್ಳುತ್ತದೆ. ಹಳೆಯ ಟೇಪ್‌ನಂತೆ ಮೆಲ್ಲಗೆ ಬಾಗುವ ದಾಕ್ಷಿಣ್ಯ ಅದಕ್ಕಿಲ್ಲ.

ಪುಣ್ಯಕ್ಕೆ ಮೂಲ ಮುದ್ರಣ 24 ಬಿಟ್‌ನದು, ಅತಿ ಜೋರಾದ ಪೆಟ್ಟೂ ಕೊನೆಯ ಮೆಟ್ಟಿಲಿಗಿಂತ ಸಾಕಷ್ಟು ಕೆಳಗೆ, -12 ಡೆಸಿಬೆಲ್‌ನ ಆಸುಪಾಸಿನಲ್ಲಿತ್ತು. ಮುದ್ರಣದಲ್ಲೇ ಒಡೆದಿದ್ದರೆ ಯಾವ ಫೇಡರ್ (ಟ್ರ್ಯಾಕ್‌ನ ಮಟ್ಟ ಏರಿಳಿಸುವ ಜಾರುಗುಂಡಿ) ಇಳಿಸಿಯೂ ಪ್ರಯೋಜನವಿರಲಿಲ್ಲ. ತಪ್ಪು ಮಿಕ್ಸ್‌ನಲ್ಲಿ ನಾನು ಮಾಡಿದ್ದು. ಕಂಠ ಸಾಲದು ಎಂದು ಕಂಠ ಏರಿಸಿದೆ. ದುಡಿ ಮುಚ್ಚಿಹೋಯಿತೆಂದು ದುಡಿ ಏರಿಸಿದೆ. ಒಂದೇ ದುಡಿಯನ್ನು ಹಿಡಿದ ಎರಡು ಟ್ರ್ಯಾಕ್ ಕೂಡಿದರೆ ಮಟ್ಟ 6 ಡೆಸಿಬೆಲ್‌ವರೆಗೂ ಏರಬಹುದೆಂದು ಗೊತ್ತಿದ್ದೂ ಮೀಟರ್ ನೋಡಲಿಲ್ಲ. ಕೊನೆಗೆ ಎಲ್ಲವನ್ನೂ ಲಿಮಿಟರ್‌ಗೆ, ಮಿತಿ ಮೀರುವ ತುದಿಗಳನ್ನು ಅದುಮುವ ಸಾಧನಕ್ಕೆ, ತುರುಕಿದೆ.

ಇಂದು ಎಲ್ಲ ಫೇಡರ್ ಕೆಳಗಿಳಿಸಿ ಮೊದಲಿನಿಂದ ಕಟ್ಟಿದೆ. ಮೊದಲು ದುಡಿ, ಆಮೇಲೆ ಕಂಠ. ಒಂದು ಸಾಲದೆನಿಸಿದಾಗ ಅದನ್ನು ಮುಟ್ಟದೆ ಉಳಿದವನ್ನು ತಗ್ಗಿಸಿದೆ. ಎಲ್ಲ ಕೂಡಿದ ಮಾಸ್ಟರ್ ಮಟ್ಟ -6 ಡೆಸಿಬೆಲ್ ದಾಟಲಿಲ್ಲ. ಕೊನೆಯಲ್ಲಿ ಲಿಮಿಟರ್‌ಗೆ ಟ್ರೂ ಪೀಕ್ (ಅಲೆಯ ನಿಜವಾದ ತುದಿ) -1ರ ಮಿತಿ ಹಾಕಿದೆ. ಏಕೆಂದರೆ ಎಂಪಿ3 ಆಗುವಾಗ ತುದಿಗಳು ಮತ್ತೆ ಕೊಂಚ ಏಳುತ್ತವೆ.

ಅಷ್ಟು ಜೋರು ಮಾಡಿ ಗಿಟ್ಟುವುದಾದರೂ ಏನು? ಸ್ಪಾಟಿಫೈನ ಸಾಮಾನ್ಯ ಸೆಟ್ಟಿಂಗ್‌ನಲ್ಲಿ ಎಲ್ಲ ಹಾಡನ್ನೂ -14 ಲಫ್ಸ್‌ಗೆ (ಹಾಡು ಒಟ್ಟಾರೆ ಕಿವಿಗೆ ಎಷ್ಟು ಜೋರು ಎಂಬುದರ ಅಳತೆ) ತಂದೇ ಕೇಳಿಸುತ್ತಾರೆ. ನನ್ನ ಹಳೆಯ ಮಿಕ್ಸ್ -8 ಇತ್ತು. 6 ಡೆಸಿಬೆಲ್ ಇಳಿಯುತ್ತಿತ್ತು, ಚಪ್ಪಟೆತನ ಮಾತ್ರ ಹಾಗೇ ಉಳಿಯುತ್ತಿತ್ತು. ಜೋರಾದದ್ದೇ ಚೆಂದವೆಂದು ಕಿವಿ ಮೋಸ ಹೋಗುತ್ತದೆಯಾದ್ದರಿಂದ ಎರಡನ್ನೂ ಒಂದೇ ಮಟ್ಟಕ್ಕೆ ತಂದು ಕೇಳಿದೆ. ಹೊಸದರಲ್ಲಿ ‘ಬಾಳೋ ಬಾಳೋ’ ಮುಗಿದು ಉಸಿರೆಳೆಯುವ ತೆರಪಿನಲ್ಲಿ ಕೋಲು ತೊಗಲಿಗೆ ತಾಗುವುದು ಕೇಳುತ್ತದೆ. ಕಣ್ಣು ತುಂಬಿತು.

ಏಳು ಗಂಟೆಗೆ ಕರೆಂಟ್ ಹೋಯಿತು. ಫೈಲ್ ಮೊಬೈಲಿಗೆ ಹಾಕಿಕೊಂಡಿದ್ದೇನೆ. ನಾಳೆ ಮಳೆ ತುಸು ಬಿಟ್ಟರೆ ದೊಡ್ಡಪ್ಪನ ಮನೆಗೆ ಹೋಗಬೇಕು.